ಗೋಡೆಯುಪ್ಪು

ಕೆಳಗೋಟೆಯ ಸುಂಕದ ಕಟ್ಟೆಯಲ್ಲಿ ನಾನು ಕರಣಿಕ.
ಹುಣಿಸೆಬೀಜದ ಸರಿ, ಇದ್ದಿಲ ಮಸಿ ಬಳಿದ ಅರಿವೆಯ ಕಡತ,
ಬೆರಳ ಸಂದಿಯಲ್ಲಿ ಬಳಪ.
ಬರೆದದ್ದು ಬೆಳ್ಳಗೆ, ಒರೆಸಿದರೆ ಬೂದಿ,
ವರ್ಷಕ್ಕೊಮ್ಮೆ ಮತ್ತೆ ಮಸಿ.

ಯಾರು ಏನು ಕೊಡಬೇಕೆಂಬುದು ಕಲ್ಲಿನ ಮೇಲಿದೆ,
ಯಾರು ಕೊಡಬೇಕಿಲ್ಲ ಎಂಬುದು ಇನ್ನೂ ದೊಡ್ಡ ಕಲ್ಲಿನ ಮೇಲೆ.
ಪರ್ವತಶೆಟ್ಟಿಯ ನಲವತ್ತು ಹೇರೆತ್ತಿಗೆ ಸುಂಕ ಮಾಫಿ:
ಅವನಜ್ಜ ಯಾವುದೋ ಬರದಲ್ಲಿ ಅರಮನೆಗೆ ಜೋಳ ಕಡ ಕೊಟ್ಟಿದ್ದನಂತೆ.
ಜೋಳ ಉಂಡವರು ಮಣ್ಣಾಗಿ ಎರಡು ತಲೆಮಾರು,
ಕಲ್ಲು ಇನ್ನೂ ಸಾಲ ತೀರಿಸುತ್ತಿದೆ.
ಕುದುರೆಯಿಳಿಯದೆ ಬಾಗಿಲು ದಾಟುತ್ತಾನೆ.
ಮಂಡಿನೋವಿದ್ದರೂ ನಾನು ಎದ್ದು ನಿಲ್ಲುತ್ತೇನೆ.

ಉಪ್ಪಾರರ ಸುಂಕಮ್ಮ ತಲೆಹೊರೆಗೊಂದು ಹಾಗ ಕೊಡುತ್ತಾಳೆ.
ಹೆಸರು ಕೂಗಿದಾಗಲೆಲ್ಲ ಕಾವಲಿನ ಹುಡುಗರಿಗೆ ನಗು.
ಅವಳದು ಪೆಟ್ಲುಪ್ಪು.
ಹಳೆಗೋಡೆಯ ಬುಡದಲ್ಲಿ, ದನದ ಗಂಜಲ ಇಂಗಿದ ನೆಲದಲ್ಲಿ
ಬೆಳಗಿನ ಜಾವ ಬೂಷ್ಟಿನಂತೆ ಅರಳುವುದನ್ನು
ಚಿಪ್ಪಿನಿಂದ ಕೆರೆದು, ನೆನೆಸಿ, ಬಸಿದು, ಕಾಯಿಸಿ
ಹರಳು ಮಾಡುತ್ತಾಳೆ.
ಮದ್ದಿನ ಮನೆಗೆ ಬೇಕಾದ ಸರಕು; ಹಾಗಾಗಿ ಅರಮನೆಯ ಹುಕುಮು:
ಯಾವ ಕೊಟ್ಟಿಗೆಗಾದರೂ ಅವಳು ನುಗ್ಗಬಹುದು.
ಶೆಟ್ಟಿಯ ಹಿತ್ತಿಲು, ಮಠದ ಹಿಂಗೋಡೆ, ನನ್ನ ಮನೆಯ ಬಚ್ಚಲ ಮಗ್ಗುಲು.
ಅವಳು ಹೋದ ಮೇಲೆ ನನ್ನ ತಾಯಿ
ಮಡಿಯುಟ್ಟು ಸಗಣಿ ಸಾರಿಸುತ್ತಾಳೆ,
ಗೋಡೆಯನ್ನೂ, ಅವಳ ನೆರಳು ಬಿದ್ದಷ್ಟು ಎತ್ತರಕ್ಕೆ.

ಆ ವರ್ಷ ಇಬ್ಬರು ದುಭಾಷಿಗಳು ಬಂದರು.
ಪುದುಚೇರಿಯಿಂದ ಪರಾಸೀಸರ ಕಡೆಯವನು ತಿರುವೇಂಗಡ,
ಚೆನ್ನಪಟ್ಟಣದಿಂದ ಇಂಗರೇಜಿಯವರ ಕಡೆಯವನು ವರದಪ್ಪ.
ಒಡೆಯರು ನಡುಗಡಲಲ್ಲಿ ಒಬ್ಬರನ್ನೊಬ್ಬರು ಸುಡುತ್ತಿದ್ದರು.
ಇವರು ಛತ್ರದಲ್ಲಿ ಒಂದೇ ಪಂಕ್ತಿ, ಅಕ್ಕಪಕ್ಕದ ಎಲೆ,
ವಿಚಾರಿಸಿದರೆ ಷಡ್ಡಕರು.
ಹಗಲು ನನ್ನ ಕಟ್ಟೆಯ ಮೇಲೆ ಹಗೆಗಳ ಹಾಗೆ ಬೆಲೆಯೇರಿಸಿ
ಇರುಳು ಒಂದೇ ತಂಬಿಗೆಯ ನೀರು ಕುಡಿದು
ತಂತಮ್ಮ ಪಾಲು ಲೆಕ್ಕ ಹಾಕುವುದನ್ನು
ಕಂಬದ ಮರೆಯಿಂದ ಕಂಡಿದ್ದೇನೆ. ಬರೆದಿಲ್ಲ.

ಉಪ್ಪಿನ ಹದ ನಾಲಿಗೆಗೆ ಗೊತ್ತು,
ಆದರೆ ಅವಳು ಮುಟ್ಟಿದ್ದನ್ನು ಅವರು ನೆಕ್ಕುವುದುಂಟೆ?
ಕೆಂಡದ ಮೇಲೆ ಒಂದು ಚಿಟಿಕೆ ಎರಚಿಸಿದರು.
ಚಟಚಟನೆ ನೇರಳೆಯುರಿ ಎದ್ದಿತು.
ಬೆಂಕಿಗೆ ಮೈಲಿಗೆಯಿಲ್ಲ.
ಖಂಡುಗಗಟ್ಟಲೆ ಶೆಟ್ಟಿ ಮಾರಿದ, ಇಬ್ಬರಿಗೂ,
ಮಾಫಿಯ ಎತ್ತುಗಳ ಮೇಲೆ ಹೇರಿ.
ಸುಂಕಮ್ಮನ ಸೆರಗಿಗೆ ನಾಲ್ಕು ದುಡ್ಡು ಮೇಲಿನಿಂದ ಬಿತ್ತು.

ತಡೆಯಲಾರದೆ ಕೇಳಿದೆ: ನಿನ್ನುಪ್ಪು ಯಾವ ಹಡಗಿಗೆ ಹೋಗುತ್ತದೆ, ಗೊತ್ತೇನು?
ಹೊರೆಯ ಸಿಂಬಿ ಸುತ್ತುತ್ತ ಅಂದಳು:
"ಹಡಗು ನಾ ಕಂಡಿಲ್ಲ ಬುದ್ಧೀ.
ಈ ಸಲದ್ದು ನಿಮ್ಮ ಬಚ್ಚಲ ಗ್ವಾಡೇದೇ ಜಾಸ್ತಿ.
ಬಲು ಜೋರು ಐತೆ."

ನಾನು ನಕ್ಕೆನೋ ಇಲ್ಲವೋ ನೆನಪಿಲ್ಲ.
ಅಂದು ಸಂಜೆ ಬಚ್ಚಲಿಗೆ ಹೋದವನು
ಸ್ವಲ್ಪ ಹೊತ್ತು ಸುಮ್ಮನೆ ನಿಂತೆ.
ಕಡಲನ್ನೇ ನೋಡದ ನಮ್ಮ ವಂಶ
ಯಾವ ಹಾಯಿಗೆ ಬೆಂಕಿಯಾಗಿ ತಗುಲಿತೋ.

ಮಾರ್ಗಶಿರದಲ್ಲಿ ಸುದ್ದಿ ಬಂತು: ಎರಡು ಕಡೆಯ ಹಡಗೂ ಉರಿದವು.
ಬೆಲೆ ಮಣಕ್ಕೆ ಅರ್ಧ ಹಣ ಏರಿತು. ಬರೆದುಕೊಂಡೆ.
ಷಡ್ಡಕರಲ್ಲಿ ಒಬ್ಬ ಹೊಸ ಶಾಲು ಹೊದ್ದು ಬಂದ.
ಮತ್ತೊಬ್ಬನದು ದಾರಿಯಲ್ಲಿದೆಯೆಂದ.

ದುರ್ಗದ ಮೇಲಿನ ಬಾವುಟ ಆಮೇಲೆ ಬದಲಾಯಿತು.
ಹೊಸ ಅಮಲ್ದಾರ ಕಲ್ಲುಗಳನ್ನು ಓದಿಸಿ ಕೇಳಿದ,
ದೊಡ್ಡ ಕಲ್ಲಿಗೆ ಕೈಮುಗಿದ.
ಕಡತಕ್ಕೆ ಹೊಸ ಮಸಿ ಬಳಿಯಲು ಅಪ್ಪಣೆಯಾಯಿತು.

ಬಳಿದೆ, ಮೂರು ಪದರ.
ಸುಂಕಮ್ಮ ಹಾಗ ಎಣಿಸುವಾಗ ಒದ್ದೆ ಕೈಯೂರಿದ್ದ ಕಡೆ ಮಾತ್ರ
ಎಂಟು ದಿನಕ್ಕೆ ಬೆಳ್ಳಗೆ ಬೂಷ್ಟು ಎದ್ದಿತು.
ಒರೆಸಿದೆ. ಮತ್ತೆ ಎದ್ದಿತು.
ಜೋಗಿಮಟ್ಟಿಯ ಗಾಳಿಗೆ ಕಟ್ಟೆ ಬಣಗುಟ್ಟುತ್ತಿತ್ತು, ಯಾರೂ ಇರಲಿಲ್ಲ.
ಬೆರಳಿಗೆ ಹತ್ತಿಸಿಕೊಂಡು ನಾಲಿಗೆಗಿಟ್ಟೆ.

ತಣ್ಣಗಿತ್ತು.